ಚೀಟಿಯ ನಾಲ್ಕು ಮಾತು: ಶಿಕಾಗೊ ಮೇಳದ ಒಂದು ಪದಕದ ಪ್ರಕರಣ

ಪೆಟ್ಟಿಗೆ ತೆರೆದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಒಂದು ಚೀಟಿ. ಹಳದಿಗೆ ತಿರುಗಿದ ಗೆರೆ ಕಾಗದ, ನೀಲಿ ಶಾಯಿ, ಒಂದೇ ಸಾಲು: "ಚಿನ್ನದ ಪದಕ, ಮೊದಲ ಬಹುಮಾನ, ಶಿಕಾಗೊ ಮೇಳ 1893, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರ ಕೈಯಿಂದ."

ಪೆಟ್ಟಿಗೆಯ ಒಡತಿ ಅಮೆರಿಕದ ಒಬ್ಬ ನಿವೃತ್ತ ಶಿಕ್ಷಕಿ. ಚೀಟಿ ಬರೆದದ್ದು ಅವರ ತಂದೆ. ತಂದೆಗೆ ಹೇಳಿದ್ದು ತಂದೆಯ ಅಜ್ಜ. ಅಂದರೆ ಮುತ್ತಜ್ಜನ ಮಾತು ಎರಡು ತಲೆಮಾರು ದಾಟಿ ಕಾಗದಕ್ಕೆ ಇಳಿದಿತ್ತು. ಆಕೆಯ ಪ್ರಶ್ನೆ ಸರಳವಾಗಿತ್ತು. ಅಕ್ಕತಂಗಿಯರು ಮೂವರು, ಪೆಟ್ಟಿಗೆ ಒಂದು. ಚಿನ್ನದ ಪದಕವನ್ನು ಮಾರಿ ಹಣ ಹಂಚಿಕೊಂಡು, ಉಳಿದ ಚಿಲ್ಲರೆ ಬಿಲ್ಲೆಗಳನ್ನು ಮೊಮ್ಮಕ್ಕಳಿಗೆ ಕೊಟ್ಟುಬಿಡೋಣ ಎಂದು ಒಬ್ಬ ತಂಗಿಯ ಸಲಹೆ. "ಅದಕ್ಕೆ ಮೊದಲು ಯಾರಾದರೂ ತಿಳಿದವರು ಒಮ್ಮೆ ನೋಡಲಿ ಅಂತ" ಎಂದು ನನಗೆ ಬರೆದರು. ಹಲವು ದೇಶಗಳು ತಮ್ಮ ವಸ್ತುಗಳನ್ನು ಪ್ರದರ್ಶನಕ್ಕಿಡುವ ವಿಶ್ವಮೇಳಗಳ ಪದಕಗಳನ್ನು ನಾನು ಬಹಳ ವರ್ಷಗಳಿಂದ ಕೂಡಿಡುತ್ತಿರುವುದರಿಂದ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಹೆಚ್ಚಿನವಕ್ಕೆ ಎರಡು ಸಾಲಿನ ಉತ್ತರ ಸಾಕು. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಚೀಟಿಯಲ್ಲಿರುವುದು ಒಂದು ಸಾಲಾದರೂ ಹೇಳಿಕೆಗಳು ನಾಲ್ಕು: ಲೋಹ ಚಿನ್ನ, ದರ್ಜೆ ಮೊದಲನೆಯದು, ವರ್ಷ 1893, ಕೊಟ್ಟವರು ಅಮೆರಿಕದ ಅಧ್ಯಕ್ಷರು. ಕೊನೆಗೆ ನಾಲ್ಕೂ ತಪ್ಪು ಎಂದಾಯಿತು. ಪದಕ ಮಾತ್ರ ಅಪ್ಪಟ ಅಸಲಿ. ಈ ಎರಡು ಸಂಗತಿ ಒಟ್ಟಿಗೆ ಇರಬಲ್ಲವು ಎಂದು ಆಕೆಗೆ ಒಪ್ಪಿಸುವುದೇ ಈ ಪ್ರಕರಣದ ಕಷ್ಟದ ಭಾಗವಾಗಿತ್ತು.

ನನ್ನ ಮೊದಲ ತಪ್ಪು

ಮೊದಲು ಬಂದದ್ದು ಫೋನಿನಲ್ಲಿ ತೆಗೆದ ಆರು ಫೋಟೊ. ದೊಡ್ಡ ದುಂಡು ಪದಕ, ಹಳದಿ ಹೊಳಪು. ಒಂದು ಮುಖದಲ್ಲಿ ಕೊಲಂಬಸ್ ಎರಡೂ ತೋಳು ಚಾಚಿ, ಮುಖ ಮೇಲೆತ್ತಿ ದಡಕ್ಕೆ ಕಾಲಿಡುತ್ತಿದ್ದಾನೆ. ಇನ್ನೊಂದು ಮುಖದಲ್ಲಿ ರೆಕ್ಕೆಯ ಹೆಣ್ಣುರೂಪಗಳು, ಬರಹದ ಫಲಕ, ಕೆಳಗೆ ಹಡಗು, ಹಡಗಿನ ಬಳಿ ಒಂದು ಕಂಪನಿಯ ಹೆಸರು. ವಿನ್ಯಾಸ ಗುರುತಿಸಲು ಅರೆಗಳಿಗೆಯೂ ಬೇಡ. 1893ರ ಶಿಕಾಗೊ ಕೊಲಂಬಿಯನ್ ಮೇಳದಲ್ಲಿ ಪ್ರದರ್ಶಕರಿಗೆ ಕೊಟ್ಟ ಬಹುಮಾನ ಪದಕ ಇದು. ಕೊಲಂಬಸ್ ಇರುವ ಮುಖ ಶಿಲ್ಪಿ ಅಗಸ್ಟಸ್ ಸೇಂಟ್-ಗಾಡೆನ್ಸ್ ಅವರದು, ಹಿಂಬದಿ ಟಂಕಸಾಲೆಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಅವರದು.

ಆದರೆ ಬಣ್ಣ ಸರಿಯಿರಲಿಲ್ಲ. ಈ ಪದಕ ಕಂಚಿನದು, ನಸುಗಂದು ಬಣ್ಣದ್ದು. ಫೋಟೊದಲ್ಲಿದ್ದದ್ದು ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು. ಕೊಲಂಬಸ್‌ನ ಬಟ್ಟೆಯ ಮಡಿಕೆಗಳು ಮೇಣದಂತೆ ಮೆತ್ತಗೆ ಕಾಣುತ್ತಿದ್ದವು. ಅಸಲಿ ಪದಕ ಅಚ್ಚಿನಿಂದ ಒತ್ತಿದ್ದು; ಇದು ಎರಕ ಹೊಯ್ದ ನಕಲು ಎಂದುಕೊಂಡೆ. ಹಾಗೆಂದು ಉತ್ತರವನ್ನೂ ಬರೆದಿಟ್ಟೆ, ಕಳಿಸಲಿಲ್ಲ ಅಷ್ಟೆ. ಹಿಂದೊಮ್ಮೆ ಫೋಟೊ ನೋಡಿ "ನಕಲು" ಎಂದು ಹೇಳಿ, ಆಮೇಲೆ ಅದೇ ವಸ್ತು ಕೈಗೆ ಬಂದಾಗ ನಾಲಿಗೆ ಕಚ್ಚಿಕೊಂಡ ಅನುಭವ ಇತ್ತು. ಫೋನಿನ ಫ್ಲಾಶ್ ಬೆಳಕು ನೇರವಾಗಿ ಬಿದ್ದರೆ ಉಬ್ಬುಚಿತ್ರದ ನೆರಳೇ ಸತ್ತುಹೋಗುತ್ತದೆ. ಎಂಥ ಚೂಪಾದ ಅಚ್ಚೂ ಎರಕದಂತೆ ಕಾಣುತ್ತದೆ.

ಹಾಗಾಗಿ ಮೂರು ಕೆಲಸ ಹೇಳಿದೆ. ಕ್ಯಾಲಿಪರ್ ಹಿಡಿದು ಅಡ್ಡಗಲ ಅಳೆಯಿರಿ. ಬೆಳಕನ್ನು ಪಕ್ಕದಿಂದ ಬೀಳಿಸಿ ಮತ್ತೆ ಫೋಟೊ ತೆಗೆಯಿರಿ. ಅಂಚನ್ನು ಸುತ್ತಲೂ ತೆಗೆಯಿರಿ. ಯಾವ ಕಾರಣಕ್ಕೂ ಒರೆಸಬೇಡಿ ಎಂದು ನಾಲ್ಕನೆಯದನ್ನೂ ಸೇರಿಸಿದೆ. ಈ ನಾಲ್ಕನೆಯದನ್ನು ನಾನು ದುಬಾರಿ ಬೆಲೆ ತೆತ್ತು ಕಲಿತಿದ್ದೇನೆ. ಸಂಗ್ರಹ ಶುರು ಮಾಡಿದ ಹೊಸತರಲ್ಲಿ 1876ರ ಫಿಲಡೆಲ್ಫಿಯಾ ಮೇಳದ ಒಂದು ಕಂಚಿನ ಪದಕವನ್ನು ಲೋಹದ ಪಾಲಿಶ್ ಹಚ್ಚಿ ಫಳಫಳ ಮಾಡಿದ್ದೆ. ನೂರು ವರ್ಷದ ಬಣ್ಣ ಐದು ನಿಮಿಷದಲ್ಲಿ ಹೋಯಿತು. ಅದು ಇನ್ನೂ ನನ್ನ ಹತ್ತಿರವೇ ಇದೆ, ಯಾರೂ ಕೊಳ್ಳುವುದಿಲ್ಲ.

ಅಳತೆ ಬಂತು: 76 ಮಿಲಿಮೀಟರ್‌ಗಿಂತ ಕೂದಲೆಳೆ ಹೆಚ್ಚು. ಅಸಲಿಗೆ ಇರಬೇಕಾದದ್ದೂ ಅಷ್ಟೇ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ, ನೂರಕ್ಕೆ ಒಂದೆರಡು ಪಾಲು. 76 ಇದ್ದದ್ದು 75ಕ್ಕೆ ಇಳಿಯುತ್ತದೆ. ಅಂಚಿನಲ್ಲಿ ಬೆಸುಗೆಯ ಗೆರೆಯೂ ಕಾಣಲಿಲ್ಲ. ವಿದ್ಯುತ್‌ಲೇಪನದ ಚಿಪ್ಪು ಮಾಡಿ ಎರಡು ಅರ್ಧ ಜೋಡಿಸಿದ ನಕಲಾಗಿದ್ದರೆ ಆ ಗೆರೆ ಅಡಗುವುದಿಲ್ಲ.

ನನ್ನ ಅನುಮಾನಕ್ಕೆ ತೆರೆ ಎಳೆದದ್ದು ಹೆಸರಿನ ಜಾಗ. ಈ ಪದಕದ ಹಿಂಬದಿಯ ಅಚ್ಚಿನಲ್ಲಿ ಒಂದು ಆಯತಾಕಾರದ ಖಾಲಿ ಗೂಡು ಇತ್ತು. ಪ್ರತಿ ವಿಜೇತರ ಹೆಸರಿಗೆ ಬೇರೆ ಬೇರೆ ಪುಟ್ಟ ಅಚ್ಚುತುಂಡು ಕೊರೆದು, ಅದನ್ನು ಆ ಗೂಡಿನಲ್ಲಿ ಕೂರಿಸಿ ಒತ್ತುತ್ತಿದ್ದರು. ಆದ್ದರಿಂದ ಹೆಸರು ಉಬ್ಬಿದ ಅಕ್ಷರದಲ್ಲಿ ಬರುತ್ತದೆ, ಕೊರೆದ ಅಕ್ಷರದಲ್ಲಲ್ಲ. ತುಂಡು ಮತ್ತು ಅಚ್ಚು ಕೂಡುವಲ್ಲಿ ಕೂದಲಿನಷ್ಟು ತೆಳುವಾದ ಚೌಕಟ್ಟಿನ ಗೆರೆ ಉಳಿಯುತ್ತದೆ. ಪಕ್ಕದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಆ ಗೆರೆ ನಾಲ್ಕೂ ಬದಿಗೆ ಚೂಪಾಗಿ ಕಂಡಿತು. ಎರಕದಲ್ಲಿ ಮೊದಲು ಸಾಯುವುದೇ ಅದು. ಬರೆದಿಟ್ಟಿದ್ದ ಉತ್ತರವನ್ನು ಅಳಿಸಿ, ವಸ್ತುವನ್ನೇ ನೋಡಲು ಬರುತ್ತೇನೆ ಎಂದು ಬರೆದೆ.

ಚಿನ್ನ

ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ಭೂತಗನ್ನಡಿ ಹಿಡಿದಾಗ ಬಣ್ಣದ ಗುಟ್ಟು ಬಿಟ್ಟುಕೊಟ್ಟಿತು. ಕೊಲಂಬಸ್‌ನ ಮಂಡಿ, ಮುಂಗೈ, ಹಿಂಬದಿಯಲ್ಲಿ ರೆಕ್ಕೆಯ ತುದಿ, ಅಂದರೆ ಎಲ್ಲಿ ಬೆರಳು ಹೆಚ್ಚು ತಾಗುತ್ತದೋ ಅಲ್ಲೆಲ್ಲ ಹಳದಿ ಸವೆದು ಕಂದು ಕಂಚು ಇಣುಕುತ್ತಿತ್ತು. ಮೇಲೆ ಇರುವುದು ಚಿನ್ನದ ಲೇಪ.

ಇನ್ನೊಂದು ವಿವರ ನನಗೆ ಹೆಚ್ಚು ಖುಷಿ ಕೊಟ್ಟಿತು. ಹಡಗಿನ ಪಕ್ಕದಲ್ಲಿ ಒಂದು ಹಳೆಯ ಗೀರು ಇದೆ. ಆ ಗೀರಿನ ತಳದಲ್ಲೂ ಚಿನ್ನ ಇದೆ. ಲೇಪ ಮೊದಲು ಆಗಿ ಗೀರು ಆಮೇಲೆ ಬಿದ್ದಿದ್ದರೆ ತಳದಲ್ಲಿ ಕಂಚು ಕಾಣಬೇಕಿತ್ತು. ಗೀರು ಮೊದಲು, ಲೇಪ ಆಮೇಲೆ. ಅಂದರೆ ಪದಕ ಕೆಲವು ಕಾಲ ಕಂಚಾಗಿಯೇ ಓಡಾಡಿ, ಪೆಟ್ಟು ತಿಂದು, ನಂತರ ಯಾರೋ ಅದಕ್ಕೆ ಚಿನ್ನದ ನೀರು ಕುಡಿಸಿದ್ದಾರೆ.

ಒಡತಿಗೆ ಇದು ಸಾಲಲಿಲ್ಲ. "ಅಪ್ಪ ಸುಳ್ಳು ಹೇಳುವವರಲ್ಲ" ಎಂದರು. ಸರಿ, ತೂಗಿ ನೋಡೋಣ ಎಂದೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಕಂಚಿನದು 9ರ ಒಳಗೆ. ಸಾಮಾನ್ಯವಾಗಿ ನೀರಿನಲ್ಲಿ ತೂಗುಹಾಕಿ ಲೆಕ್ಕ ಹಾಕುತ್ತಾರೆ, ಆದರೆ ಹಳೆಯ ಕಂಚಿಗೆ ನೀರು ಮುಟ್ಟಿಸಲು ನನಗೆ ಮನಸ್ಸು ಬರುವುದಿಲ್ಲ. ಎರಡರಷ್ಟು ವ್ಯತ್ಯಾಸ ಇರುವಲ್ಲಿ ಅಂದಾಜೇ ಸಾಕು. ಅಡ್ಡಗಲ, ದಪ್ಪ, ಅಡಿಗೆಮನೆಯ ತಕ್ಕಡಿ ಇಷ್ಟರಿಂದಲೇ ಲೆಕ್ಕ ಒಂಬತ್ತರ ಕೆಳಗೆ ಬಂತು. ಉಬ್ಬುತಗ್ಗಿನಿಂದಾಗಿ ಒಂದಿಷ್ಟು ಹೆಚ್ಚುಕಡಿಮೆ ಆದರೂ ಹತ್ತೊಂಬತ್ತಕ್ಕೆ ಏರುವಂತಿಲ್ಲ. ಅವರೇ ಗುಣಿಸಿ ಭಾಗಿಸಿ ನೋಡಿದರು. ಶಿಕ್ಷಕಿಯಲ್ಲವೇ, ಸಂಖ್ಯೆ ಹೇಳಿದ್ದನ್ನು ನಂಬಿದರು.

ಇಂಥ ಗೊಂದಲ ಈ ಒಂದೇ ಮನೆಯದಲ್ಲ. ಮೇಳದ ಪದಕಗಳಲ್ಲಿ "ಚಿನ್ನ" ಎಂಬ ಮಾತು ಎಷ್ಟೋ ಸಲ ದರ್ಜೆಯ ಹೆಸರು, ಲೋಹದ ಹೆಸರಲ್ಲ. 1904ರ ಸೇಂಟ್ ಲೂಯಿಸ್ ಮೇಳದ ಬಹುಮಾನ ಪದಕಗಳ ಮೇಲೆ "ಗೋಲ್ಡ್ ಮೆಡಲ್" ಎಂದೇ ಅಚ್ಚಾಗಿದೆ; ಒಳಗಿರುವುದು ಚಿನ್ನದ ಲೇಪದ ಕಂಚು. ಮನೆಯವರು ಓದಿದ್ದನ್ನೇ ನಂಬಿದರೆ ಅವರನ್ನು ದೂರುವಂತಿಲ್ಲ. ಶಿಕಾಗೊ ಪದಕದ ಮೇಲಂತೂ ಅಂಥ ಯಾವ ಮಾತೂ ಇಲ್ಲ, ಏಕೆಂದರೆ ಅಲ್ಲಿ ದರ್ಜೆಗಳೇ ಇರಲಿಲ್ಲ.

ಮೊದಲ ಬಹುಮಾನ

1851ರ ಲಂಡನ್ ಮಹಾಪ್ರದರ್ಶನದಲ್ಲಿ ಎರಡು ಹಂತ ಇದ್ದವು: ಕೌನ್ಸಿಲ್ ಪದಕ 170 ಮಂದಿಗೆ, ಪ್ರೈಜ್ ಪದಕ 2,918 ಮಂದಿಗೆ. ಪ್ಯಾರಿಸ್‌ನವರು ಇನ್ನೂ ಮುಂದೆ ಹೋದರು. ಗ್ರಾಂ ಪ್ರಿ (ಮಹಾ ಬಹುಮಾನ), ಚಿನ್ನ, ಬೆಳ್ಳಿ, ಕಂಚು, ಕೊನೆಗೆ ಪ್ರಶಂಸೆ ಎಂದು ಏಣಿಯ ಮೆಟ್ಟಿಲಂತೆ ಹಂಚಿದರು. ಶಿಕಾಗೊದಲ್ಲಿ ಬಹುಮಾನ ಸಮಿತಿಯ ಮುಖ್ಯಸ್ಥರಾಗಿದ್ದ ಜಾನ್ ಬಾಯ್ಡ್ ಥ್ಯಾಚರ್ ಈ ಏಣಿಯನ್ನೇ ಎತ್ತಿಟ್ಟರು. ಯಾರಿಗಿಂತ ಯಾರು ಮೇಲು ಎಂಬ ಪ್ರಶ್ನೆ ಇಲ್ಲ. ವಸ್ತು ನಿಗದಿತ ಮಟ್ಟ ಮುಟ್ಟಿದೆಯೇ, ಮುಟ್ಟಿದ್ದರೆ ಪದಕ, ಎಲ್ಲರಿಗೂ ಒಂದೇ ಕಂಚು. ಜೊತೆಗೆ ಒಂದು ಪ್ರಮಾಣಪತ್ರ. ಯಾವ ಗುಣಕ್ಕಾಗಿ ಬಹುಮಾನ ಎಂಬುದನ್ನು ಅದರಲ್ಲಿ ಬರೆದುಕೊಡುತ್ತಿದ್ದರು. ಹೀಗೆ 23 ಸಾವಿರಕ್ಕೂ ಹೆಚ್ಚು ಬಹುಮಾನ ಹಂಚಿಕೆಯಾದವು. ಒಂದೇ ಕಂಪನಿಗೆ ನಾಲ್ಕೈದು ಬಂದ ಉದಾಹರಣೆಗಳೂ ಇವೆ.

ಆದ್ದರಿಂದ ಶಿಕಾಗೊದಲ್ಲಿ "ಮೊದಲ ಬಹುಮಾನ" ಬಂತು ಎಂದು ಯಾವ ಡಬ್ಬದ ಮೇಲೆ, ಯಾವ ಸೀಸೆಯ ಮೇಲೆ ಅಚ್ಚಾಗಿದ್ದರೂ ಅದು ವ್ಯಾಪಾರದ ಮಾತು. ಆಗಿನ ಜಾಹೀರಾತುಗಳು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿಗಳನ್ನು ನಂಬಿಯೇ ಬದುಕಿದ್ದವು. ಕಂಪನಿಯ ಜಾಹೀರಾತು ನೌಕರನ ಮನೆಯ ಮಾತಾಗಿ, ಮನೆಯ ಮಾತು ಚೀಟಿಯಾಗಲು ಐವತ್ತು ವರ್ಷ ಧಾರಾಳ ಸಾಕು.

ಅಧ್ಯಕ್ಷರು, 1893, ಮತ್ತು ಒಬ್ಬ ಬೆತ್ತಲೆ ಹುಡುಗ

ಕ್ಲೀವ್‌ಲ್ಯಾಂಡ್ ಮೇಳಕ್ಕೆ ಬಂದದ್ದು ನಿಜ. 1893ರ ಮೇ 1ರಂದು ವಿದ್ಯುತ್ ಗುಂಡಿ ಒತ್ತಿ ಉದ್ಘಾಟನೆ ಮಾಡಿದ್ದು ಅವರೇ. ಮೇಳ ಮುಗಿದದ್ದು ಅದೇ ವರ್ಷದ ಅಕ್ಟೋಬರ್ 30ರಂದು. ಆದರೆ ಆ ಆರು ತಿಂಗಳಲ್ಲಿ ಅಧ್ಯಕ್ಷರ ಕೈಯಲ್ಲಿ ಕೊಡಲು ಪದಕವೇ ಇರಲಿಲ್ಲ. ಮೇಳದ ಕಟ್ಟಡಗಳು ಬಿದ್ದು ಸುಟ್ಟು ಹೋದ ಮೇಲೂ ಪದಕ ತಯಾರಾಗಿರಲಿಲ್ಲ. ಯಾಕೆ ಎಂಬ ಕಥೆ ಪದಕ ಲೋಕದ ಅತಿ ದೊಡ್ಡ ಜಗಳಗಳಲ್ಲಿ ಒಂದು.

1892ರ ಆಗಸ್ಟಿನ ಕಾಯ್ದೆಯಲ್ಲಿ ಅಮೆರಿಕದ ಕಾಂಗ್ರೆಸ್ 50,000 ಕಂಚಿನ ಪದಕಗಳಿಗೂ ಅಷ್ಟೇ ಪ್ರಮಾಣಪತ್ರಗಳಿಗೂ ಒಪ್ಪಿಗೆ ಕೊಟ್ಟಿತು. ಕೆಲಸ ಆಗಿನ ಅಮೆರಿಕದ ಅಗ್ರ ಶಿಲ್ಪಿ ಸೇಂಟ್-ಗಾಡೆನ್ಸ್ ಅವರಿಗೆ ಹೋಯಿತು. ಮುಮ್ಮುಖದ ಕೊಲಂಬಸ್ ಎಲ್ಲರಿಗೂ ಹಿಡಿಸಿತು. ಹಿಂಬದಿಗೆ ಅವರು ಅಮೆರಿಕದ ಚೈತನ್ಯದ ಸಂಕೇತವಾಗಿ ಗುರಾಣಿ ಹಿಡಿದ ಬೆತ್ತಲೆ ಹುಡುಗನನ್ನು ನಿಲ್ಲಿಸಿದ್ದರು. ಪ್ಯಾರಿಸ್‌ನಲ್ಲಿ ಕಲಿತ ಶಿಲ್ಪಿಗೆ ಅದರಲ್ಲಿ ವಿಶೇಷ ಏನೂ ಕಂಡಿರಲಿಕ್ಕಿಲ್ಲ. ಪದಕ ಹೊರಬರುವ ಮೊದಲೇ ನ್ಯೂ ಹ್ಯಾಂಪ್‌ಶೈರ್‌ನ ಒಂದು ಯಂತ್ರಬೆಲ್ಟ್ ಕಂಪನಿ ತನ್ನ ಜಾಹೀರಾತು ಹಾಳೆಯಲ್ಲಿ ಆ ಹುಡುಗನ ಒರಟು, ವಿಕಾರ ಚಿತ್ರವನ್ನು ಅಚ್ಚುಹಾಕಿಬಿಟ್ಟಿತು. ಪತ್ರಿಕೆಗಳು ಹಿಡಿದುಕೊಂಡವು. 1894ರಲ್ಲಿ ಸೆನೆಟ್ ಸಮಿತಿ ಅಶ್ಲೀಲ ಎಂದು ತಕರಾರು ತೆಗೆಯಿತು. ಶಿಲ್ಪಿ ತಿದ್ದಿ ಕೊಟ್ಟರು; ಒಪ್ಪಲಿಲ್ಲ. ಹುಡುಗನನ್ನೇ ಕೈಬಿಟ್ಟು ಬರೆದರು; ಅದನ್ನೂ ಒಪ್ಪಲಿಲ್ಲ. ಕೊನೆಗೆ ಹಿಂಬದಿಯನ್ನು ಫಿಲಡೆಲ್ಫಿಯಾ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಬಾರ್ಬರ್ ಅವರಿಗೆ ವಹಿಸಿದರು.

ಹೀಗೆ ಒಬ್ಬರನ್ನೊಬ್ಬರು ಸಹಿಸದ ಇಬ್ಬರ ಕೈಕೆಲಸ ಒಂದೇ ಕಂಚಿನ ಎರಡು ಮಗ್ಗುಲಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂತಿತು. ಕೈಯಲ್ಲಿ ತಿರುಗಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಂದು ಬದಿ ಬರಿಯ ಗಾಳಿ ಮತ್ತು ಚಲನೆ. ಇನ್ನೊಂದು ಬದಿ ಸರಕಾರಿ ಪತ್ರದ ತಲೆಬರಹದಂತೆ, ಜಾಗ ಸಿಕ್ಕಲ್ಲೆಲ್ಲ ಏನಾದರೊಂದು ತುಂಬಿದೆ. ಬಾರ್ಬರ್‌ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು: ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಬದಲಿಸುತ್ತ ಒತ್ತಲು ಆ ಫಲಕ, ಆ ಗೂಡು ಬೇಕೇ ಬೇಕಿತ್ತು. ಆದರೂ ನಾನು ಈ ಪದಕವನ್ನು ಇಡುವಾಗ ಕೊಲಂಬಸ್‌ನನ್ನೇ ಮೇಲೆ ಮಾಡಿ ಇಡುತ್ತೇನೆ. ಇಬ್ಬರ ಹಗೆ ಇಲ್ಲಿಗೇ ಮುಗಿಯಲಿಲ್ಲ. 1907ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯದ ಎತ್ತರದ ಉಬ್ಬುಚಿತ್ರದ ವಿಷಯದಲ್ಲಿ ಮತ್ತೆ ಎದುರಾದರು.

ಪದಕಗಳನ್ನು ಕನೆಕ್ಟಿಕಟ್‌ನ ವಾಟರ್‌ಬರಿಯ ಸ್ಕೋವಿಲ್ ಕಂಪನಿ ಒತ್ತಿತು. ವಿಜೇತರಿಗೆ ತಲುಪಿದ್ದು 1896ರಲ್ಲಿ. ಪದಕದ ಮೇಲೆ ರೋಮನ್ ಅಂಕಿಯಲ್ಲಿ 1892 ಮತ್ತು 1893 ಎಂದಿದೆ. ಅದು ಕೊಲಂಬಸ್ ಬಂದ ನಾನೂರನೇ ವರ್ಷದ ನೆನಪಿಗೆ, ಮೇಳದ ಲೆಕ್ಕಕ್ಕೆ. ಒತ್ತಿದ ವರ್ಷ ಅದಲ್ಲ. ಈ ಕಾಲದ ಅಂತರ ಗೊತ್ತಿದ್ದರೆ "ಮೇಳದಲ್ಲೇ ಕೈಗೆ ಕೊಟ್ಟರು" ಎಂಬ ಕಥೆಗಳನ್ನೆಲ್ಲ ಒಂದೇ ಏಟಿಗೆ ಪಕ್ಕಕ್ಕೆ ಇಡಬಹುದು.

ಪದಕ ಬಂದ ಡಬ್ಬಿಯೂ ಇತ್ತು. ಅಲ್ಯೂಮಿನಿಯಂ ಡಬ್ಬಿ, ಒಳಗೆ ಮಾಸಿದ ಮೆತ್ತೆ. ಇಂದು ಅಲ್ಯೂಮಿನಿಯಂ ಎಂದರೆ ಮೂಗು ಮುರಿಯುತ್ತೇವೆ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ನೆತ್ತಿಗೆ ಕೂರಿಸಲು ಆರಿಸಿದ್ದು ಇದೇ ಲೋಹವನ್ನು. ಆಗ ಅದರ ಬೆಲೆ ಬೆಳ್ಳಿಯ ಹತ್ತಿರ ಇತ್ತು. 1886ರಲ್ಲಿ ವಿದ್ಯುತ್ ಹಾಯಿಸಿ ತೆಗೆಯುವ ವಿಧಾನ ಸಿಕ್ಕ ಮೇಲೆ ಬೆಲೆ ಕುಸಿದು, ಮೇಳದ ಹೊತ್ತಿಗೆ ಪೌಂಡಿಗೆ ಒಂದು ಡಾಲರ್‌ಗಿಂತ ಕೆಳಗಿಳಿದಿತ್ತು. ಅಗ್ಗವಾಗಿತ್ತು, ಆದರೆ ಹೊಸತನದ ಹೊಳಪು ಮಾಸಿರಲಿಲ್ಲ. ಅದಕ್ಕೇ 1893ರ ಸ್ಮರಣಿಕೆಗಳಲ್ಲಿ ಅಲ್ಯೂಮಿನಿಯಂ ಅಷ್ಟು ಕಾಣುತ್ತದೆ. ಡಬ್ಬಿಯ ತಿರುಗಣಿ ಒಂದು ಕಡೆ ಬಿರಿದಿತ್ತು. ಸೋಪಿನ ನೀರಲ್ಲಿ ತೊಳೆಯಲೇ ಎಂದು ತಂಗಿ ಕೇಳಿದರು. ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಬೇಡ ಎಂದೆ.

ಪೆಟ್ಟಿಗೆಯ ಉಳಿದ ಒಕ್ಕಲು

ಚಿಲ್ಲರೆ ಎಂದು ಮೊಮ್ಮಕ್ಕಳಿಗೆ ಹಂಚಲು ಹೊರಟಿದ್ದ ವಸ್ತುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಈ ಪೆಟ್ಟಿಗೆ 1893ರಿಂದ ಮುಚ್ಚಿಯೇ ಇತ್ತೆಂದು ಮನೆಯವರ ನಂಬಿಕೆ. ಅದು ಹತ್ತು ನಿಮಿಷವೂ ಉಳಿಯಲಿಲ್ಲ.

1893ರ ಕೊಲಂಬಿಯನ್ ಅರ್ಧ ಡಾಲರ್ ಒಂದು. ಮೇಳದಲ್ಲಿ ಇದನ್ನು ಮುಖಬೆಲೆಯ ಎರಡರಷ್ಟಕ್ಕೆ, ಒಂದು ಡಾಲರಿಗೆ ಮಾರುತ್ತಿದ್ದರು. ಐವತ್ತು ಲಕ್ಷ ಒತ್ತಲು ಒಪ್ಪಿಗೆ ಇತ್ತು. ಮಾರಾಟವಾಗದೆ ಉಳಿದದ್ದರಲ್ಲಿ ದೊಡ್ಡ ಪಾಲು ಸುಮ್ಮನೆ ಚಲಾವಣೆಗೆ ಹೋಯಿತು. ಈ ನಾಣ್ಯದಲ್ಲಿ ಕೊಲಂಬಸ್‌ನ ಕೂದಲು ಬೋಳಾಗಿದೆ. ಒಂದು ಡಾಲರ್ ಕೊಟ್ಟು ನೆನಪಿಗೆಂದು ತಂದದ್ದನ್ನು ಯಾರೂ ಇಷ್ಟು ಸವೆಸುವುದಿಲ್ಲ. ಮುಂದೆ ಯಾವಾಗಲೋ ಅಂಗಡಿಯ ಚಿಲ್ಲರೆಯಲ್ಲಿ ಸಿಕ್ಕಿದ್ದನ್ನು ಪೆಟ್ಟಿಗೆಗೆ ಹಾಕಿದ್ದಾರೆ. ಬೆಲೆ ಬೆಳ್ಳಿಯ ತೂಕಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ.

ಶಿಕಾಗೊ ಮೇಳದಲ್ಲಿ ನಿಲ್ಲಿಸಿದ್ದ ದೈತ್ಯ ತಿರುಗುತೊಟ್ಟಿಲು, ಫೆರ್ರಿಸ್ ಚಕ್ರದ ಚಿತ್ರವಿರುವ ಅಲ್ಯೂಮಿನಿಯಂ ಬಿಲ್ಲೆ. 264 ಅಡಿ ಎತ್ತರ, 36 ತೊಟ್ಟಿಲು, ಒಂದೊಂದರಲ್ಲಿ 60 ಜನ, ಟಿಕೆಟ್ ಐವತ್ತು ಸೆಂಟ್. ಇಲ್ಲೊಂದು ಬಲೆ ಇದೆ. ಚಕ್ರ ಕಂಡ ಕೂಡಲೇ 1893 ಎನ್ನಬಾರದು. ಅದೇ ಚಕ್ರವನ್ನು ಕಳಚಿ 1904ರಲ್ಲಿ ಸೇಂಟ್ ಲೂಯಿಸ್ ಮೇಳದಲ್ಲಿ ಮತ್ತೆ ನಿಲ್ಲಿಸಿದ್ದರು. ಈ ಬಿಲ್ಲೆಯ ಹಿಂಬದಿಯಲ್ಲಿ ಶಿಕಾಗೊ ಹೆಸರು ಇತ್ತು, ಬಚಾವಾದೆವು.

1901ರ ಒಂದು ಸೆಂಟ್ ನಾಣ್ಯ, ಸುತ್ತ ಅಲ್ಯೂಮಿನಿಯಂ ಬಳೆ. ಬಫಲೋದ ಪ್ಯಾನ್-ಅಮೆರಿಕನ್ ಮೇಳದಲ್ಲಿ ಅದೃಷ್ಟದ ನಾಣ್ಯವೆಂದು ಇಂಥವು ಖರ್ಚಾದವು. ಹಾಗಾದರೆ 1893ರ ನಂತರ ಪೆಟ್ಟಿಗೆ ತೆರೆದಿದ್ದಾರೆ. 1933ರ ಶಿಕಾಗೊ ಮೇಳದ ಕಂಚಿನ ಪದಕವೂ ಇತ್ತು. ಆಗ ತಂದೆ ಶಾಲೆಗೆ ಹೋಗುವ ಹುಡುಗ. "ಓ, ಅದು ಅಪ್ಪನದು" ಎಂದು ಒಡತಿಗೆ ಒಮ್ಮೆಲೇ ನೆನಪಾಯಿತು.

1867ರ ಪ್ಯಾರಿಸ್ ಮೇಳದ ಪದಕ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿತ್ತು. ಒಂದು ಬದಿ ಮೂರನೇ ನೆಪೋಲಿಯನ್‌ನ ತಲೆ, ಲೋಹ ಹೊಚ್ಚಹೊಸದರಂತೆ. ಅಂಚು ತಿರುಗಿಸಿದೆ. ಪ್ಯಾರಿಸ್ ಟಂಕಸಾಲೆ ತನ್ನ ಪದಕಗಳ ಅಂಚಿಗೆ ಪುಟ್ಟ ಗುರುತು ಹಾಕುತ್ತದೆ, ಕಾಲಕ್ಕೆ ತಕ್ಕಂತೆ ಗುರುತು ಬದಲಾಗಿದೆ. 1860ರಿಂದ 1880ರವರೆಗೆ ಜೇನುಹುಳು. 1880ರಿಂದ ಈಚೆಗೆ ಹಣ್ಣು ತುಂಬಿದ ಕೊಂಬು, ಪಕ್ಕದಲ್ಲಿ ಲೋಹದ ಹೆಸರು. ಇಲ್ಲಿ ಇದ್ದದ್ದು ಕೊಂಬು. ಹಳೆಯ ಅಚ್ಚಿನಿಂದ ಮತ್ತೆ ಒತ್ತಿ ಮಾರಿದ ಪ್ರತಿ ಇದು. ಮೋಸವಲ್ಲ, ಟಂಕಸಾಲೆಯೇ ಮಾಡುವ ಕೆಲಸ, ಆದರೆ 1867ರದ್ದಲ್ಲ. ದೊಡ್ಡಪ್ಪ ಯುದ್ಧದ ಕಾಲದಲ್ಲಿ ಫ್ರಾನ್ಸ್‌ನಲ್ಲಿದ್ದರು ಎಂದು ತಂಗಿ ಹೇಳಿದರು. ಮೇಳದ ಪದಕ ಕೊಳ್ಳುವವರಿಗೆ ನಾನು ಕೊಡುವ ಬುದ್ಧಿಮಾತು ಒಂದೇ: ಎರಡು ಮುಖ ನೋಡುವ ಮೊದಲು ಅಂಚು ನೋಡಿ. 1851ರ ಲಂಡನ್ ಪದಕಗಳಲ್ಲೂ ಅದು ಬಹುಮಾನದ್ದೋ ಬರೀ ಪ್ರದರ್ಶಕನದ್ದೋ ಎಂಬುದನ್ನು ಅಂಚಿನ ಬರಹವೇ ಹೇಳುತ್ತದೆ.

ಇನ್ನು ಎರಡು ಉಳಿದವು. ಒಂದು, ಉರುಳೆಗಳ ನಡುವೆ ಹಾಯಿಸಿ ಎಲೆಯಂತೆ ಉದ್ದ ಮಾಡಿದ ತಾಮ್ರದ ಸೆಂಟ್, ಮೇಲೆ ಮೇಳದ ಹೆಸರು ಮತ್ತು 1893. ಅಮೆರಿಕದಲ್ಲಿ ಈ ಬಗೆಯ ಸ್ಮರಣಿಕೆ ಶುರುವಾದದ್ದು ಇದೇ ಮೇಳದಿಂದ ಎಂದು ಸಂಗ್ರಾಹಕರು ಲೆಕ್ಕ ಹಿಡಿಯುತ್ತಾರೆ. ಇದನ್ನು ಓರೆ ಬೆಳಕಿನಲ್ಲಿ ಓದಬೇಕು. ಚಪ್ಪಟೆಯಾದರೂ ಮೂಲ ನಾಣ್ಯದ ನೆರಳು ಉಳಿದಿರುತ್ತದೆ. ಅಲ್ಲಿ 1909ರಲ್ಲಿ ಬಂದ ಲಿಂಕನ್ ತಲೆ ಕಂಡರೆ ಆಮೇಲೆ ಉರುಳಿಸಿದ್ದೆಂದು ಖಚಿತ. ಇಲ್ಲಿ ಅದಕ್ಕೂ ಹಿಂದಿನ, ಅಮೆರಿಕದ ಮೂಲನಿವಾಸಿಗಳಂತೆ ಗರಿ ಮುಡಿದ "ಇಂಡಿಯನ್" ತಲೆ ಮಸುಕಾಗಿ ಕಂಡಿತು, ಪಕ್ಕದಲ್ಲಿ 1891 ಎನ್ನುವಂಥ ಅಂಕಿ. ಹಳೆಯ ನಾಣ್ಯವನ್ನು ಯಾವಾಗ ಬೇಕಾದರೂ ಉರುಳಿಸಬಹುದು, ಆದ್ದರಿಂದ ಇದು ಪೂರ್ತಿ ಸಾಕ್ಷಿಯಲ್ಲ. ವಿರುದ್ಧ ಸಾಕ್ಷಿ ಇಲ್ಲ ಎಂದಷ್ಟೇ ಹೇಳಬಹುದು.

ಇನ್ನೊಂದು ಲೋಹವೇ ಅಲ್ಲ. ಅಕ್ಟೋಬರ್ ತಿಂಗಳ ಪ್ರವೇಶ ಪಾಸ್. ದಪ್ಪ ರಟ್ಟು, ಮೀಸೆ ಹೊತ್ತ ತರುಣನ ಪುಟ್ಟ ಫೋಟೊ, ತಿಂಗಳ ದಿನಾಂಕಗಳ ಚೌಕಗಳು, ಹೋದ ದಿನಗಳ ಮೇಲೆ ರಂಧ್ರ. ಶಾಯಿಯಲ್ಲಿ ಮುತ್ತಜ್ಜನ ಹೆಸರು, ಅದರ ಕೆಳಗೆ ಕಂಪನಿಯ ಹೆಸರು. ಭೂತಗನ್ನಡಿಯನ್ನು ಪಾಸ್‌ನಿಂದ ಪದಕದ ಗೂಡಿಗೆ, ಗೂಡಿನಿಂದ ಪಾಸ್‌ಗೆ ಎರಡು ಸಲ ಓಡಿಸಿದೆ. ಒಂದೇ ಕಂಪನಿ.

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಬಹುಮಾನ ಮುತ್ತಜ್ಜನಿಗೆ ಬಂದದ್ದಲ್ಲ" ಎಂದರು.

"ಕಂಪನಿಗೆ ಬಂದದ್ದು. ಆದರೆ ಮೇಳದಲ್ಲಿ ಕಂಪನಿಯ ವಸ್ತುವಿನ ಪಕ್ಕ ನಿಂತವರು ನಿಮ್ಮ ಮುತ್ತಜ್ಜ."

ಆಗ ಹಿರಿಯಕ್ಕನಿಗೆ ಫೋನ್ ಹೋಯಿತು. ಕಂಪನಿ ಮುಚ್ಚಿ ಕಚೇರಿ ಖಾಲಿ ಮಾಡುವಾಗ ಗಾಜಿನ ಕಪಾಟಿನಲ್ಲಿದ್ದದ್ದನ್ನು ಮುತ್ತಜ್ಜ ಮನೆಗೆ ತಂದರು ಎಂದು ಅತ್ತೆ ಹೇಳುತ್ತಿದ್ದುದು ಅಕ್ಕನಿಗೆ ನೆನಪಿತ್ತು. ಚಿನ್ನದ ನೀರಿಗೂ ಅದರಿಂದ ದಾರಿ ಸಿಕ್ಕಿತು. ಗಿರಾಕಿಗಳ ಕಣ್ಣಿಗೆ ಬೀಳಲೆಂದು ಕಚೇರಿಯ ಕಪಾಟಿನಲ್ಲಿಡುವ ಪದಕಕ್ಕೆ ಕಂದು ಬಣ್ಣ ಶೋಭೆಯಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಇದು ನನ್ನ ಊಹೆ ಎಂದೇ ವರದಿಯಲ್ಲಿ ಬರೆದುಕೊಟ್ಟೆ.

ಏನು ಮಾಡಿದರು

ಬೆಲೆಯ ಮಾತು ಬೇಗ ಮುಗಿಯಿತು. ಇಪ್ಪತ್ತು ಸಾವಿರಕ್ಕೂ ಮೀರಿ ಹಂಚಿದ ಪದಕ ಅಪರೂಪದ್ದಲ್ಲ. ಕೊಳ್ಳುವವರು ನೋಡುವುದು ಗೂಡಿನ ಹೆಸರು ಪ್ರಸಿದ್ಧವೇ, ಮೂಲ ಬಣ್ಣ ಇದೆಯೇ, ಡಬ್ಬಿ ಜೊತೆಗಿದೆಯೇ, ಅದೇ ಹೆಸರಿನ ಪ್ರಮಾಣಪತ್ರ ಸಿಗುತ್ತದೆಯೇ ಎಂದು. ಇಲ್ಲಿ ಹೆಸರು ಊರಾಚೆ ಯಾರಿಗೂ ಗೊತ್ತಿಲ್ಲದ್ದು; ಮೂಲ ಬಣ್ಣ ಚಿನ್ನದಡಿ ಹೋಗಿದೆ; ಡಬ್ಬಿ ಬಿರಿದಿದೆ; ಪ್ರಮಾಣಪತ್ರ ಇಲ್ಲ. ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೂ ಒಂದು ಒಳ್ಳೆಯ ಊಟದ ಖರ್ಚು ಬಂದೀತು. ಲೇಪ ತೆಗೆಸಿದರೆ ಬೆಲೆ ಏರುತ್ತದೆಯೇ ಎಂದು ತಂಗಿ ಕೇಳಿದರು. ತೆಗೆದರೆ ಸಿಗುವುದು ಉಜ್ಜಿದ ಹೊಸ ಲೋಹವೇ ಹೊರತು 1896ರ ಕಂದು ಅಲ್ಲ.

ನನ್ನ ಸಲಹೆ ಪದಕದ ಬಗ್ಗೆ ಇರಲಿಲ್ಲ, ಕಟ್ಟಿನ ಬಗ್ಗೆ ಇತ್ತು. ಪದಕ, ಪಾಸ್, ಉದ್ದ ಸೆಂಟ್ ಇವು ಮೂರು ಒಟ್ಟಿಗೇ ಇರಲಿ. ಪದಕದಂಥದ್ದು ಸಾವಿರಾರು ಇವೆ, ಮುತ್ತಜ್ಜನ ಮುಖವಿರುವ ರಟ್ಟು ಒಂದೇ. ಅರ್ಧ ಡಾಲರ್, ಚಕ್ರದ ಬಿಲ್ಲೆ, 1901ರ ಸೆಂಟ್ ಇವು ಮಕ್ಕಳ ಕೈಗೆ ಹೋಗಲಿ; ಅವನ್ನು ಮುಟ್ಟಿ ಆಡಿದರೆ ಮುಳುಗಿಹೋಗುವುದೇನಿಲ್ಲ. 1867ರ ಪ್ರತಿಯ ಜೊತೆ ಕೊಂಬಿನ ಗುರುತಿನ ವಿಷಯ ಬರೆದ ಕಾಗದ ಕಡ್ಡಾಯವಾಗಿ ಇರಲಿ, ಇಲ್ಲದಿದ್ದರೆ ಇನ್ನು ಮೂವತ್ತು ವರ್ಷಕ್ಕೆ ಅದಕ್ಕೂ ಒಂದು ಚೀಟಿ ಹುಟ್ಟುತ್ತದೆ.

ಇಡುವ ಕ್ರಮವನ್ನೂ ಹೇಳಿದೆ. ಪಿವಿಸಿ ಪ್ಲಾಸ್ಟಿಕ್ ಹಾಳೆ ಬೇಡ, ಅದು ಕಾಲಕ್ರಮೇಣ ಆಮ್ಲ ಬಿಟ್ಟು ಲೋಹಕ್ಕೆ ಹಸಿರು ಅಂಟು ಹಿಡಿಸುತ್ತದೆ. ಪಾಲಿಯೆಸ್ಟರ್ ಕವಚ ಸಾಕು. ಹಿಂಬದಿಯಲ್ಲಿ ಫಲಕದ ಮೂಲೆಯೊಂದರಲ್ಲಿ ಸಾಸಿವೆಯಷ್ಟು ತಿಳಿಹಸಿರು ಪುಡಿ ಕಂಡಿತ್ತು. ಗಟ್ಟಿಯಾಗಿ ಅಂಟಿದ ಕಿಲುಬಿಗೆ ಹೆದರಬೇಕಿಲ್ಲ. ಪುಡಿ ಉದುರುವ ಕಿಲುಬು ಮಾತ್ರ ಬೆಳೆಯುವ ರೋಗ, ತೇವ ಸಿಕ್ಕಷ್ಟೂ ಒಳಕ್ಕೆ ತಿನ್ನುತ್ತದೆ. ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟು, ಆರು ತಿಂಗಳಿಗೊಮ್ಮೆ ಅದೇ ಜಾಗದ ಫೋಟೊ ತೆಗೆಯಿರಿ ಎಂದೆ. ಮೊದಲ ಆರು ತಿಂಗಳ ಫೋಟೊ ಬಂದಿದೆ, ಪುಡಿ ಹರಡಿಲ್ಲ. ಪಾಸ್ ಆಮ್ಲರಹಿತ ಕಾಗದದ ಮಡಿಕೆಯಲ್ಲಿ, ಬೆಳಕಿಗೆ ದೂರವಾಗಿ ಇದೆ.

ಹೊಸ ಚೀಟಿಯನ್ನು ಒಡತಿಯೇ ಬರೆದರು: "ಕಂಚು, ನಂತರ ಚಿನ್ನದ ಲೇಪ. ಕಂಪನಿಗೆ 1896ರಲ್ಲಿ ಬಂದದ್ದು. ನಮ್ಮ ಮುತ್ತಜ್ಜ ಅಲ್ಲಿ ಕೆಲಸದಲ್ಲಿದ್ದರು." ಹಳೆಯ ಚೀಟಿಯನ್ನು ಏನು ಮಾಡಲಿ ಎಂದು ಕೇಳಿದರು. ಅದನ್ನೂ ಒಂದು ಪಾಲಿಯೆಸ್ಟರ್ ಕವಚಕ್ಕೆ ಹಾಕಿ, ಹೊಸದರ ಕೆಳಗೆ ಇಟ್ಟೆವು.

ಹೊರಡುವ ಮುನ್ನ ಪಾಸ್‌ನ ರಂಧ್ರಗಳನ್ನು ಇಬ್ಬರೂ ಕೂತು ಎಣಿಸಿದೆವು. 1893ರ ಅಕ್ಟೋಬರ್ 9 ಮೇಳದಲ್ಲಿ ಶಿಕಾಗೊ ನಗರಕ್ಕೆಂದು ಮೀಸಲಿಟ್ಟ "ಶಿಕಾಗೊ ದಿನ". ಆ ಒಂದೇ ದಿನ ಹಣ ಕೊಟ್ಟು ಒಳಬಂದವರು 7,16,881 ಮಂದಿ. ಒಂಬತ್ತನೆಯ ಚೌಕದಲ್ಲಿ ರಂಧ್ರ ಇತ್ತು.